ಕೋರ್ನ್‌ಹರ್ಟ್‌ನ ಹಟ

ಹಾಲೆಂಡಿನ ಧಾರ್ಮಿಕ ಸಹಿಷ್ಣುತೆಯ ವಂಶಾವಳಿ ಬರೆಯುವವರು ಎರಾಸ್ಮಸ್‌ನಿಂದ ಹೊರಟು ಸ್ಪಿನೋಜನ ಮನೆ ಮುಟ್ಟುವ ಮೊದಲು ಹಾರ್ಲೆಮ್‌ನಲ್ಲೊಮ್ಮೆ ನಿಲ್ಲುತ್ತಾರೆ. ಅಲ್ಲಿ ಅವರಿಗೆ ಡಿರ್ಕ್ ಫೋಲ್ಕರ್ಟ್ಸ್‌ಜೋನ್ ಕೋರ್ನ್‌ಹರ್ಟ್ ಸಿಗುತ್ತಾನೆ. ಅವರು ಬಿಡಿಸುವ ಚಿತ್ರದಲ್ಲಿ ಅವನು ಎಲ್ಲ ಪಂಥಗಳನ್ನೂ ಸಂಶಯದಿಂದ ನೋಡಿದವನು, ಆದ್ದರಿಂದಲೇ ಎಲ್ಲ ಪಂಥಗಳಿಗೂ ಜಾಗ ಬಿಡಿ ಎಂದವನು, ಕಾಲಕ್ಕಿಂತ ಮುಂಚೆ ಹುಟ್ಟಿದ ಉದಾರವಾದಿ. ನಾನು ಈ ಚಿತ್ರವನ್ನು ಒಪ್ಪುವುದಿಲ್ಲ. ಅವನು ಸಹಿಷ್ಣುತೆಗಾಗಿ ಹೋರಾಡಿದ್ದು ನಿಜ, ಊರು ಬಿಟ್ಟು ಅಲೆದದ್ದೂ ನಿಜ. ಆದರೆ ಆ ಹೋರಾಟ ಬೇರು ಬಿಟ್ಟಿದ್ದ ನೆಲ ಸಂಶಯದ್ದಾಗಿರಲಿಲ್ಲ. ತನ್ನ ಎದುರಾಳಿಗಳಾದ ಕ್ಯಾಲ್ವಿನಿಸ್ಟ್ ಪಾದ್ರಿಗಳಿಗಿಂತ ಹೆಚ್ಚಿನದನ್ನು ನಂಬಿದವನು ಅವನು. ಮನುಷ್ಯ ದೇವರ ಆಜ್ಞೆಯನ್ನು ಪೂರ್ತಿಯಾಗಿ, ಈ ಲೋಕದಲ್ಲಿ ಉಸಿರಾಡುತ್ತಿರುವಾಗಲೇ ಪಾಲಿಸಬಲ್ಲ ಎಂಬುದು ಅವನ ನಂಬಿಕೆ. ಆ ನಂಬಿಕೆಯನ್ನು ಕಳಚಿಟ್ಟು ಸಹಿಷ್ಣುತೆಯನ್ನಷ್ಟೇ ಎತ್ತಿಕೊಂಡರೆ ಕೈಗೆ ಬರುವ ವ್ಯಕ್ತಿಗೂ ಕೋರ್ನ್‌ಹರ್ಟ್‌ಗೂ ಹೆಸರೊಂದೇ ಸಮಾನ.

ವಿದ್ವಾಂಸರಿಗೆ ಇದು ಗೊತ್ತಿಲ್ಲವೆಂದಲ್ಲ. ಬೊಂಗರ್ 1978ರಲ್ಲಿ ಹೊರತಂದ ದೊಡ್ಡ ಜೀವನಚರಿತ್ರೆಯಲ್ಲಿ ಈ ಪೂರ್ಣತಾವಾದಕ್ಕೆ ಅದರ ಜಾಗ ಸಿಕ್ಕಿದೆ. ಆದರೆ ವಿದ್ವತ್ತಿನ ಪುಟಗಳಿಂದ ಜನಪ್ರಿಯ ಚರಿತ್ರೆಗೆ ಇಳಿಯುವಾಗ ಅದು ವಿಚಿತ್ರ ವ್ಯಕ್ತಿಯ ಒಂದು ವಿಚಿತ್ರ ಅಭಿಪ್ರಾಯವಾಗಿ ಅಡಿಟಿಪ್ಪಣಿಗೆ ಸರಿಯುತ್ತದೆ. ನನ್ನ ಜಗಳ ಈ ಸರಿಸುವಿಕೆಯ ಜೊತೆ.

ಬದುಕಿನ ವಿವರಗಳು ಪರಿಚಿತವೇ. ಹುಟ್ಟಿದ್ದು 1522ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ತನಗಿಂತ ಹನ್ನೆರಡು ವರ್ಷ ದೊಡ್ಡವಳಾದ, ಆಸ್ತಿಯಿಲ್ಲದ ಹೆಣ್ಣನ್ನು ಮದುವೆಯಾಗಿ ಪಿತ್ರಾರ್ಜಿತ ಕಳೆದುಕೊಂಡ. 1540ರ ದಶಕದಲ್ಲಿ ಹಾರ್ಲೆಮ್‌ಗೆ ಬಂದು ನೆಲೆಸಿದ. ಮಾರ್ಟೆನ್ ಫಾನ್ ಹೇಮ್ಸ್‌ಕರ್ಕ್ ಬರೆದ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಹೊಟ್ಟೆ ಹೊರೆದ. ಮುಂದೆ ಹೆಸರಾಂತ ಕಲಾವಿದನಾದ ಹೆಂಡ್ರಿಕ್ ಗೋಲ್ಟ್‌ಜಿಯಸ್ ಈ ಕಸುಬು ಕಲಿತದ್ದು ಇವನ ಕೈಯಲ್ಲೇ. ಮೂವತ್ತು ದಾಟಿದ ಮೇಲೆ ಲ್ಯಾಟಿನ್ ಕಲಿತು ಸಿಸೆರೊ, ಸೆನೆಕ, ಬೊಯೇಥಿಯಸ್‌ರನ್ನು ಜನರಾಡುವ ಡಚ್ಚಿಗೆ ತಂದ. 1561ರಲ್ಲಿ ನೋಟರಿ, ಮರುವರ್ಷ ನಗರದ ಕಾರ್ಯದರ್ಶಿ. 1561ರ ಸಿಸೆರೊ ಅನುವಾದದ ಅರ್ಪಣೆಯಲ್ಲಿ ಮುದ್ರಣಕಲೆ ಮೊದಲು ಹುಟ್ಟಿದ್ದು ಹಾರ್ಲೆಮ್‌ನಲ್ಲೇ ಎಂದು ಅವನು ಅಚ್ಚುಹಾಕಿಸಿದ. ಇಂದು ಗ್ರೋಟೆ ಮಾರ್ಕ್ಟ್ ಚೌಕದಲ್ಲಿ ನಿಂತಿರುವ ಲೌರೆನ್ಸ್ ಕೋಸ್ಟರ್‌ನ ಪ್ರತಿಮೆಯ ಹಿಂದೆ ಇರುವುದು ಆ ಊರಭಿಮಾನವೇ. ಮುದ್ರಣದ ಇತಿಹಾಸಕಾರರು ಅದನ್ನು ಎಂದೋ ಕೈಬಿಟ್ಟಿದ್ದಾರೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ಕೋರ್ನ್‌ಹರ್ಟ್ ಯಾವ ವಿಷಯದಲ್ಲೂ ಅಳೆದು ತೂಗಿ ನಡುವೆ ಕೂರುವ ಮನುಷ್ಯನಾಗಿರಲಿಲ್ಲ. ಪಕ್ಷ ಹಿಡಿಯುವುದು ಅವನ ಸ್ವಭಾವ.

ಅವನ ಬರಹದಲ್ಲಿ ಇವತ್ತು ಎಲ್ಲರೂ ಉಲ್ಲೇಖಿಸುವುದು 1582ರ ‘ಆತ್ಮಸಾಕ್ಷಿಯ ಸ್ವಾತಂತ್ರ್ಯದ ಸಭೆ’. ಕಲ್ಪಿತ ಊರೊಂದರಲ್ಲಿ ಕ್ಯಾಥೊಲಿಕ್ಕರೂ ಸುಧಾರಿತ ಚರ್ಚಿನವರೂ ಹತ್ತೊಂಬತ್ತು ಬೈಠಕ್ಕುಗಳಲ್ಲಿ ಎದುರುಬದುರು ಕೂತು ವಾದಿಸುತ್ತಾರೆ. ಗಮಾಲಿಯೇಲ್ ಎಂಬ ಪಾತ್ರ ಲೇಖಕನ ಮಾತಾಡುತ್ತದೆ. ಕೈಯಲ್ಲಿ ಅಧಿಕಾರವಿಲ್ಲದಾಗ ಎಲ್ಲರೂ ಸಹನೆ ಬೇಡುತ್ತಾರೆ, ಅಧಿಕಾರ ಬಂದೊಡನೆ ಎಲ್ಲರೂ ದಂಡ ಎತ್ತುತ್ತಾರೆ ಎಂಬುದನ್ನು ಎರಡೂ ಪಕ್ಷದವರ ಬಾಯಿಂದಲೇ ಹೊರಡಿಸುವ ಜಾಣ್ಮೆ ಅದರಲ್ಲಿದೆ. ಒಳ್ಳೆಯ ಪುಸ್ತಕ. ಆದರೆ ಅದನ್ನೊಂದೇ ಓದಿದವನಿಗೆ ಕೋರ್ನ್‌ಹರ್ಟ್ ಒಬ್ಬ ನಿಷ್ಪಕ್ಷಪಾತಿ ಮಧ್ಯಸ್ಥನಂತೆ ಕಾಣುವುದು ಸಹಜ. ಅವನು ಜೀವಮಾನವಿಡೀ ಯಾವುದಕ್ಕಾಗಿ ಬೈಸಿಕೊಂಡ ಎಂಬುದು ಅಲ್ಲಿ ಕಾಣುವುದಿಲ್ಲ.

ಅವನು ಬೈಸಿಕೊಂಡದ್ದು ಮೂಲಪಾಪದ ವಿಷಯಕ್ಕೆ. ಹೈಡೆಲ್‌ಬರ್ಗ್ ಕ್ಯಾಟೆಕಿಸಂ ಡಚ್ ಸುಧಾರಿತ ಚರ್ಚಿನ ಬೆನ್ನೆಲುಬು. ದೇವರ ನಿಯಮವನ್ನು ಪೂರ್ತಿಯಾಗಿ ಪಾಲಿಸಲು ಮನುಷ್ಯನಿಗೆ ಆಗದು, ಅವನ ಸಹಜ ಒಲವೇ ದ್ವೇಷದ ಕಡೆಗೆ ಎಂದು ಅದು ಮೊದಲ ಕೆಲವು ಪ್ರಶ್ನೆಗಳಲ್ಲೇ ಕಲಿಸುತ್ತದೆ. ಅತ್ಯಂತ ಪವಿತ್ರರಾದವರಲ್ಲೂ ವಿಧೇಯತೆಯ ಸಣ್ಣ ಆರಂಭವಷ್ಟೇ ಸಾಧ್ಯ ಎಂದು ಕೊನೆಯ ಭಾಗದಲ್ಲಿ ಹೇಳುತ್ತದೆ. ಕೋರ್ನ್‌ಹರ್ಟ್‌ಗೆ ಇದು ದೇವದೂಷಣೆಯಂತೆ ಕೇಳಿಸಿತು. ಪೂರ್ಣಮನಸ್ಸಿನಿಂದ ಪ್ರೀತಿಸು ಎಂದು ಆಜ್ಞಾಪಿಸಿದ ದೇವರು ಆಗದ ಕೆಲಸವನ್ನು ಆಜ್ಞಾಪಿಸಿದನೆಂದರೆ ಅವನು ಕ್ರೂರಿಯಾಗಬೇಕು, ಇಲ್ಲವೇ ಮಾತಿಗೆ ಅರ್ಥವಿಲ್ಲದವನಾಗಬೇಕು. ಎರಡೂ ಆಗದ ಮಾತು. ಆದ್ದರಿಂದ ಆಜ್ಞೆ ಪಾಲಿಸಲು ಸಾಧ್ಯ. 1578ರ ಏಪ್ರಿಲ್‌ನಲ್ಲಿ ಲೈಡನ್‌ನಲ್ಲಿ ಡೆಲ್ಫ್ಟ್‌ನ ಪಾದ್ರಿಗಳಾದ ಆರೆಂಟ್ ಕಾರ್ನೆಲಿಸ್ ಮತ್ತು ರೇನಿಯರ್ ಡೊಂಟೆಕ್ಲಾಕ್ ಜೊತೆ ಅವನು ನಡೆಸಿದ ಬಹಿರಂಗ ವಾದ ಅರ್ಧಕ್ಕೇ ನಿಂತಿತು. 1583ರಲ್ಲಿ ಹೇಗ್‌ನಲ್ಲಿ ಆಡ್ರಿಯಾನಸ್ ಸರಾವಿಯಾನನ್ನು ಎದುರು ಕೂರಿಸಿಕೊಂಡು ಇದೇ ಕ್ಯಾಟೆಕಿಸಂ ಮೇಲೆ ಮತ್ತೆ ವಾದಿಸಿದ. ಎಲ್ಲವನ್ನೂ ಸಂಶಯಿಸುವವನು ಹೀಗೆ ವರ್ಷಗಟ್ಟಲೆ ಒಂದೇ ಸೂತ್ರದ ಬೆನ್ನು ಹತ್ತುವುದಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಒಂದು ಅನುಕೂಲವಿದೆ ಎಂದು ನನಗನ್ನಿಸುತ್ತದೆ. ಕೋರ್ನ್‌ಹರ್ಟ್ 1584ರಲ್ಲಿ ಬರೆದ ‘ಯಾಕೋಬನ ಏಣಿ’ ಮನುಷ್ಯ ಮೂಢತನದಿಂದ, ಭಯದಿಂದ, ಕೂಲಿಯ ಆಸೆಯಿಂದ ಹಂತಹಂತವಾಗಿ ಬಿಡಿಸಿಕೊಂಡು ಮಗನಂತೆ ಪ್ರೀತಿಯಿಂದ ದೇವರನ್ನು ಸೇವಿಸುವ ತನಕದ ಮೆಟ್ಟಿಲುಗಳನ್ನು ಹೇಳುತ್ತದೆ. ಭಕ್ತನಿಂದ ಐಕ್ಯದವರೆಗಿನ ಷಟ್‌ಸ್ಥಲವನ್ನು ಬಲ್ಲವರಿಗೆ ಇದು ಅಪರಿಚಿತ ಭೂಗೋಳವಲ್ಲ. ಇಲ್ಲಿ ಏರುವುದು ರೂಪಕವಾಗಿ ಉಳಿಯದೆ ನಿತ್ಯದ ಸಾಧನೆಯಾಗುತ್ತದೆ. ನಾವೂ ಶರಣರಿಗೆ ಇದೇ ಅನ್ಯಾಯ ಮಾಡಿದ್ದೇವೆ. ಪಠ್ಯಪುಸ್ತಕಗಳಲ್ಲಿ ಅವರು ಸಮಾನತೆಯ ಹರಿಕಾರರು. ಅದು ಸತ್ಯವೇ, ಆದರೆ ಆ ಸಮಾನತೆ ಯಾವ ಏಕದೇವ ನಿಷ್ಠೆಯಿಂದ ಹೊಮ್ಮಿತೋ ಆ ಮಹೇಶ್ವರ ಸ್ಥಲದ ಉಗ್ರತೆಯನ್ನು ಮುಜುಗರದಿಂದ ಬದಿಗಿಡುತ್ತೇವೆ. ಅಬ್ಬಲೂರಿನ ಏಕಾಂತದ ರಾಮಯ್ಯನನ್ನು ಸಹಿಷ್ಣುತೆಯ ಪಾಠದಲ್ಲಿ ಸೇರಿಸುವುದು ಹೇಗೆಂದು ಯಾರಿಗೂ ತಿಳಿಯದು. ಕೋರ್ನ್‌ಹರ್ಟ್‌ನ ವಿಷಯದಲ್ಲಿ ಡಚ್ಚರ ಮುಜುಗರವೂ ಇದೇ ಜಾತಿಯದು. ಒಂದು ವ್ಯತ್ಯಾಸವಂತೂ ದೊಡ್ಡದು: ಇವನ ಏಣಿಯ ಬಳಿ ಗುರುವಿಲ್ಲ, ಜಂಗಮನಿಲ್ಲ, ಜೊತೆಗೆ ಏರುವ ಸಮುದಾಯವೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಇಂಥ ಹಟಮಾರಿ ನಂಬಿಗಸ್ಥನಿಂದ ಸಹಿಷ್ಣುತೆ ಹುಟ್ಟಿದ್ದು ಹೇಗೆ? ಉತ್ತರಕ್ಕೆ ಹಾರ್ಲೆಮ್‌ನ ಹತ್ತು ವರ್ಷಗಳನ್ನು ನೋಡಬೇಕು. 1572ರ ಡಿಸೆಂಬರ್‌ನಿಂದ ಏಳು ತಿಂಗಳು ಸ್ಪೇನಿನ ಸೈನ್ಯ ಊರನ್ನು ಮುತ್ತಿತು. 1573ರ ಜುಲೈಯಲ್ಲಿ ಹಸಿದ ಊರು ಶರಣಾಯಿತು, ಕಾವಲು ಸೈನಿಕರನ್ನು ಸಾಮೂಹಿಕವಾಗಿ ಕೊಂದರು. 1577ರಲ್ಲಿ, ಸ್ಪೇನಿನ ವಿರುದ್ಧ ಬಂಡೆದ್ದಿದ್ದ ಆರೆಂಜಿನ ವಿಲಿಯಂ ಜೊತೆ ಒಪ್ಪಂದವಾಗಿ ಹಾರ್ಲೆಮ್ ಬಂಡಾಯದ ಪಕ್ಷಕ್ಕೆ ಸೇರಿತು. ಕ್ಯಾಥೊಲಿಕ್ ಆರಾಧನೆಯೂ ಸುಧಾರಿತ ಆರಾಧನೆಯೂ ಊರಿನಲ್ಲಿ ಜೊತೆಜೊತೆಗೆ ನಡೆಯುತ್ತವೆ ಎಂದು ಅದರಲ್ಲಿ ಬರೆದಿತ್ತು. ಬರೆದು ಎರಡು ವರ್ಷವೂ ತುಂಬಲಿಲ್ಲ. 1578ರ ಮೇ 29ರಂದು, ಕ್ಯಾಥೊಲಿಕ್ಕರು ಹಬ್ಬ ಆಚರಿಸುತ್ತಿದ್ದಾಗ, ಬಂಡಾಯದ ಪಕ್ಷದ ಸೈನಿಕರು ಸಂತ ಬಾವೊ ಚರ್ಚಿಗೆ ನುಗ್ಗಿ ದೋಚಿದರು. ಹಾರ್ಲೆಮ್‌ನ ‘ನೋನ್’ ಎಂದು ಅದನ್ನು ಇಂದಿಗೂ ಕರೆಯುತ್ತಾರೆ. 1581ರಲ್ಲಿ ಕ್ಯಾಥೊಲಿಕ್ ಆರಾಧನೆಯನ್ನೇ ನಿಷೇಧಿಸಿದರು.

ಆಗ ಹಾರ್ಲೆಮ್‌ನ ಕ್ಯಾಥೊಲಿಕ್ಕರ ಪರವಾಗಿ ಮನವಿ ಬರೆದುಕೊಟ್ಟವನು ಕೋರ್ನ್‌ಹರ್ಟ್. ಕೊಟ್ಟ ಮಾತಿಗೆ ತಪ್ಪಬೇಡಿ ಎಂಬುದು ಅದರ ತಿರುಳು. ಅಧಿಕಾರಸ್ಥರ ಸಿಟ್ಟನ್ನು ಅವನು ಅನುಭವಿಸಬೇಕಾಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಕ್ಯಾಥೊಲಿಕ್ ಆಚರಣೆಗಳ ಬಗ್ಗೆ ಅವನಿಗೆ ಎಳ್ಳಷ್ಟೂ ಭಕ್ತಿ ಇರಲಿಲ್ಲ. 1560ರ ಹೊತ್ತಿಗೇ ಹೊರಗಿನ ಕ್ರಿಯಾವಿಧಿಗಳೆಲ್ಲ ಅಷ್ಟೇನೂ ಮುಖ್ಯವಲ್ಲ, ಅವುಗಳಿಗಾಗಿ ಯಾರೂ ಚಿತೆಯೇರಬೇಕಾಗಿಲ್ಲ ಎಂದು ಬರೆದಿದ್ದ. ಆ ಮಾತಿಗೆ ಜಿನೀವಾದಿಂದ ಖುದ್ದು ಕ್ಯಾಲ್ವಿನ್ 1562ರಲ್ಲಿ ಉತ್ತರ ಬರೆದ, ಹೆಸರೂ ಹೇಳದೆ ‘ಒಬ್ಬ ಹಾಲೆಂಡಿನವ’ ಎಂದು ಕರೆದು. ಹತ್ತು ವರ್ಷದ ಮೇಲೆ, 1572ರಲ್ಲಿ, ಬಂಡಾಯದ ಸೇನಾಪತಿ ಲ್ಯೂಮೆಯ ದಂಡು ಕ್ಯಾಥೊಲಿಕ್ ಪಾದ್ರಿಗಳಿಗೆ ಮಾಡಿದ ಅನಾಚಾರಗಳ ತನಿಖೆಯನ್ನು ಅವನಿಗೆ ವಹಿಸಿದರು. ತನ್ನದೇ ಪಕ್ಷದ ಸೇನಾಪತಿಯ ವಿರುದ್ಧ ಸಾಕ್ಷ್ಯ ಕೂಡಿಸಿದ್ದಕ್ಕೆ ಜೀವಭಯದಿಂದ ಗಡಿಯಾಚೆಯ ಕ್ಸಾಂಟೆನ್‌ಗೆ ಓಡಬೇಕಾಯಿತು.

ಈ ನಡವಳಿಕೆಯನ್ನು ವಿವರಿಸಲು ಸಂಶಯ ಸಾಲದು. ಸಂಶಯಿ ಸುಮ್ಮನಿರಬಹುದು, ಸುಮ್ಮನಿರುವುದೇ ಅವನಿಗೆ ಕ್ಷೇಮ. ಕೋರ್ನ್‌ಹರ್ಟ್‌ನ ತರ್ಕ ಬೇರೆ. ಮನುಷ್ಯ ಮೇಲೇರುವುದು ಒಳಗಿನ ಒಪ್ಪಿಗೆಯಿಂದ ಮಾತ್ರ. ದಂಡಕ್ಕೆ ಹೆದರಿ ತಲೆಬಾಗಿದವನು ಮೇಲೇರಲಿಲ್ಲ, ಕಪಟಿಯಾದ. ಅಂದರೆ ಇನ್ನೊಂದು ಮೆಟ್ಟಿಲು ಕೆಳಗೆ ಬಿದ್ದ. ನಂಬಿಕೆಗಾಗಿ ಶಿಕ್ಷಿಸುವ ನ್ಯಾಯಾಧೀಶ ಆ ಮನುಷ್ಯನ ಮೋಕ್ಷದ ದಾರಿಯನ್ನೇ ಮುಚ್ಚಿದಂತೆ. ಇದರ ಜೊತೆಗೆ ಇನ್ನೊಂದು ವಾದ: ತನಗೆ ದೇವರಿಂದ ನೇರ ಆದೇಶವಿದೆ ಎಂದು ಅಪೊಸ್ತಲರಂತೆ ತೋರಿಸಿಕೊಡಬಲ್ಲ ಪಾದ್ರಿ ಈ ಕಾಲದಲ್ಲಿ ಯಾರೂ ಇಲ್ಲ, ಹೀಗಿರುವಾಗ ಯಾರು ಪಾಷಂಡಿ ಎಂದು ತೀರ್ಪು ಕೊಡುವವರು ಯಾರು? ಈ ಎರಡನೆಯ ವಾದವನ್ನಷ್ಟೇ ಬಿಡಿಸಿ ನೋಡಿದರೆ ಅದು ಸಂಶಯವಾದದಂತೆ ಕಾಣುತ್ತದೆ. ಮೊದಲನೆಯದರ ಪಕ್ಕದಲ್ಲಿಟ್ಟರೆ ಅದರ ಬಣ್ಣವೇ ಬೇರೆ. ಅವನು ಪ್ರಶ್ನಿಸುತ್ತಿದ್ದುದು ಪಾದ್ರಿಗಳ ಅಧಿಕಾರಪತ್ರವನ್ನು. ಸತ್ಯ ಇದೆಯೇ, ಅದನ್ನು ತಿಳಿಯಬಹುದೇ ಎಂಬ ಪ್ರಶ್ನೆ ಅವನನ್ನು ಎಂದೂ ಕಾಡಲಿಲ್ಲ.

ನನ್ನ ಮಾತಿಗೆ ಬರಬಹುದಾದ ಅತ್ಯಂತ ಗಟ್ಟಿ ಆಕ್ಷೇಪ 1586ರ ‘ಜೇಡೆಕುನ್ಸ್ಟ್’. ಸದ್ಗುಣದಿಂದ ಬಾಳುವ ಕಲೆಯನ್ನು ಕುರಿತ ಈ ಗ್ರಂಥ ಯುರೋಪಿನ ಜನಭಾಷೆಯೊಂದರಲ್ಲಿ ಬಂದ ಮೊದಲ ವ್ಯವಸ್ಥಿತ ನೀತಿಶಾಸ್ತ್ರವೆಂದು ಹೆಸರಾಗಿದೆ. ಅದರಲ್ಲಿ ಬೈಬಲಿನ ಉಲ್ಲೇಖವಿಲ್ಲ. ನೋಡಿ, ಧರ್ಮವಿಲ್ಲದ ನೀತಿ ಇಲ್ಲಿ ಶುರುವಾಯಿತು ಎನ್ನುತ್ತಾರೆ. ಆದರೆ ಬೈಬಲ್ ವಚನಗಳನ್ನು ಬಿಟ್ಟು ಬರೆಯಬೇಕೆಂಬ ಬಯಕೆ ಅವನ ಗೆಳೆಯ, ಆಮ್‌ಸ್ಟರ್‌ಡ್ಯಾಮಿನ ವರ್ತಕ ಕವಿ ಹೆಂಡ್ರಿಕ್ ಲೌರೆನ್ಸ್‌ಜೋನ್ ಸ್ಪೀಗಲ್‌ನದು. ಸ್ಪೀಗಲ್ ಕ್ಯಾಥೊಲಿಕ್. ಒಂದೊಂದು ವಾಕ್ಯಕ್ಕೂ ಪಂಥಗಳು ಕಚ್ಚಾಡುತ್ತಿದ್ದ ಆ ಕಾಲದಲ್ಲಿ ವಚನ ಎತ್ತಿದರೆ ಜಗಳ ಎತ್ತಿದಂತೆ. ಆದ್ದರಿಂದ ಗ್ರಂಥಪ್ರಮಾಣ ಬಿಟ್ಟು ಬರೆದರು. ಒಳಗೆ ಏನಿದೆ? ಸದ್ಗುಣವನ್ನು ಕಲಿಯಬಹುದು, ಅಭ್ಯಾಸದಿಂದ ಅದು ಕೈಗೂಡುತ್ತದೆ, ಪಾಪ ಅಜ್ಞಾನದಿಂದ ಬರುತ್ತದೆಯೇ ಹೊರತು ಆದಾಮನ ರಕ್ತದಿಂದಲ್ಲ ಎಂಬ ಅದೇ ಹಳೆಯ ವಾದ. ಕ್ಯಾಟೆಕಿಸಂ ವಿರುದ್ಧ ವೇದಿಕೆಯ ಮೇಲೆ ಗೆಲ್ಲಲಾಗದ್ದನ್ನು ಬೇರೆ ಉಡುಪಿನಲ್ಲಿ ಮನೆಮನೆಗೆ ಕಳಿಸಿದ. ಈ ಪುಸ್ತಕವನ್ನು ನಾನು ಅವನ ಅತ್ಯಂತ ಧಾರ್ಮಿಕ ಕೃತಿಗಳಲ್ಲಿ ಒಂದೆಂದೇ ಓದುತ್ತೇನೆ.

ಅಭಿಮಾನಿಗಳು ದಾಟಿಸಿಬಿಡುವ ಇನ್ನೊಂದು ಕೃತಿ ‘ಬೂವೆನ್‌ಟುಖ್ಟ್’. 1567ರಲ್ಲಿ ಹೇಗ್‌ನ ಸೆರೆಮನೆಯಲ್ಲಿದ್ದಾಗ ಹೊಳೆದದ್ದು, ಅಚ್ಚಾದದ್ದು ಇಪ್ಪತ್ತು ವರ್ಷ ತಡವಾಗಿ. ಪುಂಡರನ್ನೂ ದುಡಿಯದೆ ಅಲೆಯುವವರನ್ನೂ ನೇಣಿಗೆ ಹಾಕುವ ಬದಲು ಬಲವಂತದ ದುಡಿಮೆಗೆ ಹಚ್ಚಬೇಕು ಎಂಬುದು ಅದರ ಸಲಹೆ. 1596ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೆರೆದ ‘ರಾಸ್ಪ್‌ಹೌಸ್’ ಎಂಬ ದುಡಿಮೆಯ ಸೆರೆಮನೆಯ ಹಿಂದಿನ ಚಿಂತನೆಯಲ್ಲಿ ಇದರ ಪಾಲಿದೆ. 1971ರಲ್ಲಿ ಡಚ್ಚರು ಶಿಕ್ಷಾಪದ್ಧತಿಯ ಸುಧಾರಣೆಗಾಗಿ ಸಂಘ ಕಟ್ಟಿ ಅದಕ್ಕೆ ಕೋರ್ನ್‌ಹರ್ಟ್‌ನ ಹೆಸರಿಟ್ಟರು. ಮರಣದಂಡನೆಯಿಂದ ದೂರ ಸರಿದದ್ದು ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೆ ಆ ಪುಸ್ತಕದಲ್ಲಿ ದಯೆಗಿಂತ ಲೆಕ್ಕಾಚಾರ ಜಾಸ್ತಿ. ಸತ್ತ ಪುಂಡನಿಂದ ಯಾರಿಗೂ ಲಾಭವಿಲ್ಲ, ಗುಲಾಮನಂತೆ ದುಡಿಯುವವನಿಂದ ಇದೆ. ಮನುಷ್ಯ ಬದಲಾಗಬಲ್ಲ ಎಂದು ಖಚಿತವಾಗಿ ನಂಬುವವನು ಬದಲಾಗದವನ ಮೇಲೆ ಎಷ್ಟು ಕಠಿಣನಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಆತ್ಮಸಾಕ್ಷಿಯ ವಿಷಯದಲ್ಲಿ ಬಲಪ್ರಯೋಗ ಬೇಡವೆಂದವನು ಮೈಗಳ್ಳತನದ ವಿಷಯದಲ್ಲಿ ಬೇಕೆಂದ. ಎರಡರ ಬೇರೂ ಒಂದೇ.

ಈ ಓದು ಕೋರ್ನ್‌ಹರ್ಟ್‌ಗೆ ಮಾತ್ರ ಸಲ್ಲುವುದಲ್ಲ. ಹಾರ್ಲೆಮ್‌ನಿಂದ ಇಪ್ಪತ್ತು ಕಿಲೋಮೀಟರ್ ದೂರದ ಆಮ್‌ಸ್ಟರ್‌ಡ್ಯಾಮಿನಲ್ಲಿ, ಅವನು ಸತ್ತು ಸುಮಾರು ನೂರೆಪ್ಪತ್ತು ವರ್ಷದ ಮೇಲೆ, ಸ್ವೀಡನ್ನಿನ ಗಣಿ ಇಲಾಖೆಯ ನಿವೃತ್ತ ಅಧಿಕಾರಿ ಎಮ್ಯಾನುಯೆಲ್ ಸ್ವೀಡನ್‌ಬೊರ್ಗ್ ತನ್ನ ಧಾರ್ಮಿಕ ಗ್ರಂಥಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸುತ್ತಿದ್ದ. ತನ್ನ ದೇಶದಲ್ಲಿ ಅವಕ್ಕೆ ಮುದ್ರಣದ ಅನುಮತಿ ಸಿಗುವಂತಿರಲಿಲ್ಲ. 1769ರಲ್ಲಿ ಯೋಟೆಬೊರಿಯ ಧರ್ಮಮಂಡಳಿಯಲ್ಲಿ ಅವನ ಅನುಯಾಯಿಗಳಾದ ಬೇಯರ್ ಮತ್ತು ರೊಸೆನ್ ಮೇಲೆ ವಿಚಾರಣೆಯೇ ಶುರುವಾಯಿತು. ಕೋರ್ನ್‌ಹರ್ಟ್‌ನನ್ನು ಅವನು ಓದಿದ್ದನೆಂದು ನಾನು ಹೇಳುತ್ತಿಲ್ಲ, ಪ್ರಭಾವದ ದಾರಿ ಹುಡುಕುತ್ತಲೂ ಇಲ್ಲ. ಇಬ್ಬರಿಗೂ ಒಂದೇ ಬಗೆಯ ತಪ್ಪು ಓದು ಸಿಕ್ಕಿದೆ ಎಂಬುದಷ್ಟೇ ನನ್ನ ಮಾತು.

ಸ್ವೀಡನ್‌ಬೊರ್ಗ್ ಎಂದರೆ ದೇವದೂತರೊಡನೆ ಹರಟಿದವನು. ಕಾಂಟ್ 1766ರಲ್ಲಿ ಅವನನ್ನು ಪ್ರೇತದರ್ಶಿಯೆಂದು ಮೂದಲಿಸಿ ಒಂದು ಪುಸ್ತಕವನ್ನೇ ಬರೆದ. ಎಮರ್ಸನ್ 1850ರಲ್ಲಿ ಅನುಭಾವಿಯೆಂದು ಗೌರವಿಸಿದ. ಮೂದಲಿಕೆ, ಗೌರವ ಎರಡೂ ಗಮನಿಸಿದ್ದು ದರ್ಶನವನ್ನು. ಆದರೆ 1764ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ದೈವೀ ವಿಧಾನ’ ಗ್ರಂಥವನ್ನು ತೆರೆದರೆ ಒಣ ಗದ್ಯದಲ್ಲಿ ಒಂದಾದ ಮೇಲೊಂದು ನಿಯಮಗಳನ್ನು ಮಂಡಿಸುವ ಗಣಿ ಅಧಿಕಾರಿ ಸಿಗುತ್ತಾನೆ. ಅವುಗಳಲ್ಲೊಂದು: ಮನುಷ್ಯನನ್ನು ಹೊರಗಿನ ಒತ್ತಡದಿಂದ ಧರ್ಮದ ವಿಷಯವನ್ನು ನಂಬುವಂತೆ, ಪ್ರೀತಿಸುವಂತೆ ಮಾಡಲಾಗದು. ಬೆದರಿಕೆ, ಶಿಕ್ಷೆಗಳಿಂದ ಯಾರೂ ಪರಿವರ್ತನೆಯಾಗುವುದಿಲ್ಲ. ಇಷ್ಟಕ್ಕೇ ನಿಲ್ಲದೆ ಪವಾಡಗಳಿಂದ, ಸತ್ತವರೊಡನೆ ಮಾತಾಡುವುದರಿಂದ, ದರ್ಶನಗಳಿಂದ ಕೂಡ ಯಾರೂ ಆಗುವುದಿಲ್ಲ ಎನ್ನುತ್ತಾನೆ, ಅವೂ ಒತ್ತಾಯವೇ. ಜಗತ್ತು ಯಾರನ್ನು ದರ್ಶನಗಳ ಮನುಷ್ಯನೆಂದು ಹೆಸರಿಸಿತೋ ಅವನೇ ದರ್ಶನದಿಂದ ಮನುಷ್ಯ ಒಳ್ಳೆಯವನಾಗಲಾರ ಎಂದು ಬರೆದಿದ್ದಾನೆ. ಕೆಡುಕನ್ನು ಕೆಡುಕೆಂದು ಕಂಡು, ಸ್ವತಂತ್ರವಾಗಿ, ದಿನದಿನದ ಕೆಲಸದೊಳಗೆ ಬಿಡಬೇಕು ಎಂಬುದು ಅವನ ಬೋಧೆ. ‘ನಂಬಿಕೆಯೊಂದೇ ಸಾಕು’ ಎಂಬ ಲೂಥರನ ಸೂತ್ರವನ್ನು ಅವನು ಬಿಷಪ್ಪನ ಮಗನಾಗಿಯೂ ಜೀವನದ ಕೊನೆಯವರೆಗೆ ವಿರೋಧಿಸಿದ್ದು ಇದಕ್ಕಾಗಿ. ಲೋಕ ಬಿಟ್ಟು ಏಕಾಂತದಲ್ಲಿ ಧ್ಯಾನಿಸಿದವರಿಗೆ ಅವನ ಸ್ವರ್ಗದಲ್ಲಿ ಹೊಂದಿಕೆಯಾಗುವುದಿಲ್ಲ; ಅಲ್ಲಿ ದೇವದೂತರಿಗೆಲ್ಲ ಕೆಲಸವಿದೆ. ಡಚ್ಚರ ವ್ಯಾಪಾರನಿಷ್ಠೆಯನ್ನು ಅವನು 1771ರ ಕೊನೆಯ ದೊಡ್ಡ ಗ್ರಂಥದಲ್ಲಿ ಹೊಗಳಿದ್ದಾನೆ: ಅವರಿಗೆ ವ್ಯಾಪಾರವೇ ಗುರಿ, ಹಣ ಅದರ ಸಾಧನ ಮಾತ್ರ ಎಂದು. ಅದೇ ಪುಟಗಳಲ್ಲಿ ಯಹೂದಿಗಳನ್ನು ಹಣಕ್ಕಾಗಿಯೇ ಹಣ ಪ್ರೀತಿಸುವವರೆಂದು ಇಳಿಸಿದ್ದು ಅವನ ಕಾಲದ ಪೂರ್ವಗ್ರಹ, ಅದನ್ನು ಮುಚ್ಚಿಡಬಾರದು.

ಈ ತಿರುಳನ್ನು ಪಶ್ಚಿಮದ ಸಾಹಿತಿಗಳಿಗಿಂತ ನಮ್ಮವರು ಚುರುಕಾಗಿ ಗುರುತಿಸಿದರು ಎಂದರೆ ಅತಿಶಯೋಕ್ತಿಯಲ್ಲ. ಮರಾಠಿ ವ್ಯಾಕರಣಕಾರ ದಾದೋಬಾ ಪಾಂಡುರಂಗ ಅವರು 1849ರಲ್ಲಿ ಮುಂಬಯಿಯಲ್ಲಿ ಜಾತಿವಿರೋಧಿ ಪರಮಹಂಸ ಸಭೆಯನ್ನು ಗುಟ್ಟಾಗಿ ಕಟ್ಟಿದವರು. ಅವರು 1878ರಲ್ಲಿ ಸ್ವೀಡನ್‌ಬೊರ್ಗ್‌ನ ಕೃತಿಗಳ ಮೇಲೆ ಒಬ್ಬ ಹಿಂದೂವಿನ ವಿಚಾರಗಳೆಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಲಂಡನ್ನಿನಲ್ಲಿ ಪ್ರಕಟಿಸಿದರು. ಮದರಾಸಿನ ಡಿ. ಗೋಪಾಲ ಚೆಟ್ಟಿ ಅವರು 1923ರಲ್ಲಿ ಅವನನ್ನು ಶೈವಸಿದ್ಧಾಂತದ ಪಕ್ಕದಲ್ಲಿಟ್ಟು ಓದಿದರು. ದಯೆ, ಕ್ರಿಯೆ, ಜ್ಞಾನಗಳ ಸಂಬಂಧವನ್ನು ಶತಮಾನಗಳಿಂದ ಚರ್ಚಿಸಿಕೊಂಡು ಬಂದ ಪರಂಪರೆಯವರಿಗೆ ದೇವದೂತರಿಗಿಂತ ಆ ಸಂಬಂಧವೇ ಕಣ್ಣಿಗೆ ಬೀಳುವುದು ಸಹಜ. ಶೈವಸಿದ್ಧಾಂತ ಮೆಟ್ಟಿಲುಗಳ ಶಾಸ್ತ್ರವೂ ಹೌದು.

ಅನುಯಾಯಿಗಳ ಪ್ರಸಂಗಗಳ ವಿಷಯ ಬೇರೆ. 1788ರ ಹೊತ್ತಿಗೆ ಲಂಡನ್ನಿನಲ್ಲಿ ರಾಬರ್ಟ್ ಹಿಂಡ್‌ಮಾರ್ಷ್‌ನ ಗುಂಪು ಪ್ರತ್ಯೇಕ ಆರಾಧನೆ ಶುರುಮಾಡಿತು. ಮ್ಯಾಂಚೆಸ್ಟರಿನ ಜಾನ್ ಕ್ಲೌಸ್ ಸ್ವೀಡನ್‌ಬೊರ್ಗ್‌ನ ಗ್ರಂಥಗಳನ್ನು ಅನುವಾದಿಸುತ್ತಲೇ ಆಂಗ್ಲಿಕನ್ ಪಾದ್ರಿಯಾಗಿ ಉಳಿದು ಈ ಒಡಕನ್ನು ವಿರೋಧಿಸಿದ. ನನ್ನ ಮನಸ್ಸು ಕ್ಲೌಸ್‌ನ ಕಡೆಗೆ ವಾಲುತ್ತದೆ. ಹೊಸ ಚರ್ಚಿನ ಪೀಠದಿಂದ ಬಂದ ಪ್ರಸಂಗಗಳಿಗೆ ಬೈಬಲಿನ ಪ್ರತಿಯೊಂದು ವಸ್ತುವಿನ ಹಿಂದೆ ಒಳಾರ್ಥ ಹುಡುಕುವ ಆಸೆ ಹೆಚ್ಚು. ಕೆಡುಕನ್ನು ಬಿಡುವ ಕಷ್ಟದ ಮಾತಿಗೆ ಕೇಳುಗರನ್ನು ಹಿಡಿದಿಡುವ ಶಕ್ತಿ ಕಡಿಮೆ. ಹಾಲೆಂಡಿನಲ್ಲೇ 1930ರ ದಶಕದಲ್ಲಿ ಹೇಗ್‌ನ ಸ್ವೀಡನ್‌ಬೊರ್ಗಿಯನ್ನರು ಗುರುವಿನ ಗ್ರಂಥಗಳೂ ದೇವರ ವಾಕ್ಯವೇ, ಅವಕ್ಕೂ ಒಳಾರ್ಥವಿದೆ ಎಂದು ವಾದಿಸಿ 1937ರಲ್ಲಿ ಬೇರೆ ಚರ್ಚನ್ನೇ ಕಟ್ಟುವ ಹಂತಕ್ಕೆ ಹೋದರು. 1763ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲೇ ಅಚ್ಚಾದ ‘ಬದುಕಿನ ಬೋಧೆ’ ಎಂಬ ಅವನ ಚಿಕ್ಕ ಪುಸ್ತಕ ಧರ್ಮವೆಲ್ಲ ಬದುಕಿಗೆ ಸಂಬಂಧಿಸಿದ್ದು ಎಂದು ಶುರುವಾಗುತ್ತದೆ. ಅನುಯಾಯಿಗಳ ಜಗಳ ಗ್ರಂಥದ ಸ್ಥಾನಮಾನದ ಬಗ್ಗೆ ನಡೆಯಿತು.

ಕೋರ್ನ್‌ಹರ್ಟ್‌ಗೆ ಹಿಂತಿರುಗಿ, ಅವನೊಡನೆಯೇ ನನ್ನ ತಕರಾರು ಹೇಳಬೇಕು. ಅವನನ್ನು ಅವನ ಮಾತಿನಲ್ಲೇ ಓದಬೇಕೆಂದು ಕೇಳುವವನು ಆ ಮಾತಿನ ಬೆಲೆಯನ್ನೂ ತೆರಬೇಕು. ಪೂರ್ಣತೆ ಸಾಧ್ಯ ಎಂಬ ಬೋಧೆ ಬಲಿಷ್ಠರ ಬೋಧೆ. ಹೈಡೆಲ್‌ಬರ್ಗ್ ಕ್ಯಾಟೆಕಿಸಂ ಮನುಷ್ಯನನ್ನು ಹೀನೈಸುತ್ತದೆಂದು ಅವನು ಹೇಳಿದ. ಆದರೆ ಅದರ ಮೊದಲ ಪ್ರಶ್ನೆಯೇ ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಸಾಂತ್ವನವೇನು ಎಂಬುದು. ಏಳು ತಿಂಗಳ ಮುತ್ತಿಗೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಹಾರ್ಲೆಮ್‌ನ ತಾಯಿಗೆ ಕ್ಯಾಲ್ವಿನಿಸ್ಟ್ ಪಾದ್ರಿಯ ಬಳಿ ಹೇಳಲು ಒಂದು ಮಾತಿತ್ತು. ಕೋರ್ನ್‌ಹರ್ಟ್‌ನ ಬಳಿ ಇದ್ದದ್ದು ಏಣಿ. ಅದರ ತುದಿಯ ಮೆಟ್ಟಿಲು ತಾನು ಮುಟ್ಟಿದ್ದೇನೆಂದು ಅವನು ಹೇಳಿಕೊಳ್ಳಲಿಲ್ಲ, ಆ ಪ್ರಾಮಾಣಿಕತೆ ದೊಡ್ಡದು. ಆದರೆ ಮುಟ್ಟದವರ ಜೊತೆ ಕೂತು ಸುಧಾರಿಸಿಕೊಳ್ಳುವ ಜಾಗ ಅವನ ಬರಹದಲ್ಲಿ ಬಹಳ ಕಡಿಮೆ. ಅವನ ವಾದಗ್ರಂಥಗಳು ದೀರ್ಘ, ಪುನರುಕ್ತಿಯಿಂದ ತುಂಬಿವೆ. ಎದುರಾಳಿಯ ಒಂದು ಸಾಲಿಗೆ ಇವನ ಉತ್ತರ ಹತ್ತು ಪುಟ. 1630ರಲ್ಲಿ ಮೂರು ದಪ್ಪ ಫೋಲಿಯೊ ಸಂಪುಟಗಳಲ್ಲಿ ಬಂದ ಕೃತಿಸಂಗ್ರಹವನ್ನು ಮೆಚ್ಚಿ ಓದಿದವರು ಯಾವ ಕಾಲದಲ್ಲೂ ಕೆಲವರೇ ಇರಬೇಕು.

ಸಮುದಾಯದ ಕೊರತೆ ಇನ್ನೂ ಗಂಭೀರ. ಯಾವ ಚರ್ಚನ್ನೂ ಸೇರದೆ, ಹುಟ್ಟಿದ ಚರ್ಚನ್ನು ವಿಧಿವತ್ತಾಗಿ ಬಿಡದೆ, ಹೊಸದನ್ನೂ ಕಟ್ಟದೆ ಅವನು ಉಳಿದ. ಹೊಸ ಪ್ರವಾದಿಗಳೆಂದು ಎದ್ದ ಹೆಂಡ್ರಿಕ್ ನಿಕ್ಲಾಸ್, ಡೇವಿಡ್ ಯೋರಿಸ್‌ರನ್ನೂ ಕ್ಯಾಲ್ವಿನಿಸ್ಟರಷ್ಟೇ ಕಟುವಾಗಿ ಖಂಡಿಸಿದ. ದೇವರ ಸ್ಪಷ್ಟ ಆದೇಶ ಬರುವ ತನಕ ಕಾಯಬೇಕು ಎಂದ. ತತ್ವವಾಗಿ ಇದು ಸುಸಂಬದ್ಧ. ಬದುಕುವ ಕ್ರಮವಾಗಿ ಇದು ತೀರಾ ಒಂಟಿಯಾದದ್ದು. 1619ರಲ್ಲಿ ರೈನ್ಸ್‌ಬರ್ಗ್‌ನಲ್ಲಿ ಪಾದ್ರಿಯಿಲ್ಲದೆ ಸೇರಿ, ಬಂದವರಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದೆಂದ ಕಾಲೇಜಿಯಂಟರು ಈ ಕೊರತೆಯನ್ನು ಕಂಡುಕೊಂಡಿದ್ದರೆಂದು ನನ್ನ ಊಹೆ. ಪೀಠವಿಲ್ಲದೆಯೂ ಸಭೆ ಸಾಧ್ಯವೆಂದು ಅವರು ತೋರಿಸಿದರು. ಕೋರ್ನ್‌ಹರ್ಟ್ ಅಷ್ಟು ದೂರ ಹೋಗಲಿಲ್ಲ.

ಇಷ್ಟಾದರೂ ರೂಢಿಯ ಕಥೆ ಹೇಳುವವರು ಅವನ ಕೊನೆಯ ಜಗಳಕ್ಕೆ ಉತ್ತರ ಕೊಡಬೇಕಾಗುತ್ತದೆ. ಲೈಡನ್ ವಿಶ್ವವಿದ್ಯಾಲಯದ ಹೆಮ್ಮೆಯೆನಿಸಿದ್ದ ಯುಸ್ಟಸ್ ಲಿಪ್ಸಿಯಸ್ 1589ರಲ್ಲಿ ರಾಜ್ಯಶಾಸ್ತ್ರದ ಗ್ರಂಥ ಪ್ರಕಟಿಸಿದ. ಒಂದು ರಾಜ್ಯಕ್ಕೆ ಒಂದೇ ಧರ್ಮ ಸಾಕು, ಬಹಿರಂಗವಾಗಿ ಭಿನ್ನವಾಗಿ ನಡೆದು ಇತರರನ್ನು ಕದಡುವವರನ್ನು ಸುಡಬೇಕು, ಕತ್ತರಿಸಬೇಕು ಎಂದು ಅದರಲ್ಲಿ ವೈದ್ಯನ ಭಾಷೆಯಲ್ಲಿ ಬರೆದ. ಕೋರ್ನ್‌ಹರ್ಟ್ ಮರುವರ್ಷವೇ ‘ಪಾಷಂಡಿಗಳನ್ನು ಕೊಲ್ಲುವ ಬಗೆಗಿನ ವಿಚಾರಣೆ’ ಎಂಬ ಪುಸ್ತಕದಲ್ಲಿ ಅದನ್ನು ಒಂದೊಂದು ವಾಕ್ಯವಾಗಿ ಕಿತ್ತು ಪರೀಕ್ಷಿಸಿದ. ಈಗ ಇಬ್ಬರ ಬದುಕನ್ನೂ ನೋಡಿ. ಲಿಪ್ಸಿಯಸ್ ಯೇನಾದಲ್ಲಿ ಪಾಠ ಹೇಳುವಾಗ ಲೂಥರನ್, ಲೈಡನ್‌ನಲ್ಲಿ ಕ್ಯಾಲ್ವಿನಿಸ್ಟ್, 1591ರಲ್ಲಿ ಲೈಡನ್ ಬಿಟ್ಟು ಮತ್ತೆ ಕ್ಯಾಥೊಲಿಕ್ ಆಗಿ ಲೂವೇನ್‌ಗೆ ಹೋದ. ಮನುಷ್ಯ ಯಾವ ಚರ್ಚಿನಲ್ಲಿ ಪ್ರಾರ್ಥಿಸುತ್ತಾನೆ ಎಂಬುದು ಅವನಿಗೆ ಪ್ರಾಣ ಒತ್ತೆಯಿಡುವ ವಿಷಯವಾಗಿರಲಿಲ್ಲ. ರಾಜ್ಯದ ಶಾಂತಿ ಮುಖ್ಯವಾಗಿತ್ತು. ಸಿದ್ಧಾಂತದಲ್ಲಿ ಸಡಿಲವಾಗಿದ್ದ ಆ ಮನುಷ್ಯ ದಂಡದ ಪರ ನಿಂತ. ಸಿದ್ಧಾಂತದಲ್ಲಿ ಒಂದು ಅಕ್ಷರ ಬಿಡದ ಕೋರ್ನ್‌ಹರ್ಟ್ ಅದರ ವಿರುದ್ಧ ನಿಂತ. 1588ರಲ್ಲಿ ನೆಲೆಸಲು ಹೋದ ಡೆಲ್ಫ್ಟ್‌ನಿಂದ ಕೆಲವೇ ತಿಂಗಳಲ್ಲಿ ಹೊರಹಾಕಿಸಿಕೊಂಡಿದ್ದ ಅವನು ಈ ಪುಸ್ತಕ ಬಂದ ವರ್ಷವೇ, 1590ರ ಅಕ್ಟೋಬರ್ 29ರಂದು ಗೌಡಾದಲ್ಲಿ ತೀರಿಕೊಂಡ. ಸಂಶಯವೇ ಸಹಿಷ್ಣುತೆಯ ತಾಯಿ ಎನ್ನುವವರು ಲಿಪ್ಸಿಯಸ್‌ನ ಗ್ರಂಥವನ್ನೂ ಈ ‘ವಿಚಾರಣೆ’ಯನ್ನೂ ಒಟ್ಟಿಗೆ ಇಟ್ಟುಕೊಂಡು ಓದಲಿ, ಆ ಇಬ್ಬರಲ್ಲಿ ಸಂಶಯಿ ಯಾರು ಎಂದು ಹೇಳಲಿ.